ಪಟ್ಟಿಯಲ್ಲಿ ನಿಮ್ಮ ಹೆಸರೂ ಇರಲಿ

ಸ್ತನ ಕ್ಯಾನ್ಸರ್ ಚಿಕಿತ್ಸೆಯ ದಿನಗಳು ಕಷ್ಟದ ದಿನಗಳೇ. ಆದರೆ ವರ್ಷಾನುಗಟ್ಟಲೆ ಮನೆಯವರಿಗಾಗಿಯೇ ಬದುಕಿದ ಗೃಹಿಣಿಗೆ ಅವು ಹೇಳಿಕೊಡುವ ಪಾಠಗಳೂ ಉಂಟು.

ಯಜಮಾನರ ಬಿಪಿ ಮಾತ್ರೆ ಇನ್ನೆಷ್ಟು ದಿನಕ್ಕೆ ಸಾಕಾಗುತ್ತದೆ ಎಂದು ನಿಮಗೆ ಗೊತ್ತು. ಅತ್ತೆಯ ಕಣ್ಣಿನ ಚೆಕಪ್ ಯಾವಾಗ, ಮಗಳ ಟೆಸ್ಟ್ ಯಾವತ್ತು, ಗ್ಯಾಸ್ ಬುಕ್ ಮಾಡಿ ಎಷ್ಟು ದಿನವಾಯ್ತು, ಎಲ್ಲವೂ ನಾಲಿಗೆ ತುದಿಯಲ್ಲೇ ಇದೆ. ಈಗ ಹೇಳಿ, ನಿಮ್ಮ ಆರೋಗ್ಯ ತಪಾಸಣೆ ಕೊನೆಯ ಸಲ ಆಗಿದ್ದು ಯಾವಾಗ? ತಡಕಾಡುತ್ತಿದ್ದೀರಿ, ಅಲ್ವಾ?

ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದು. 2022ರ ಒಂದೇ ವರ್ಷದಲ್ಲಿ ಸುಮಾರು 1.92 ಲಕ್ಷ ಹೊಸ ಪ್ರಕರಣಗಳು ಎಂಬುದು ಅಂದಾಜು. ಸ್ನಾನ ಮಾಡುವಾಗ ಕೈಗೆ ಗಂಟು ಸಿಕ್ಕಿದರೂ 'ದೀಪಾವಳಿ ಕಳೀಲಿ', 'ಮಗನ ಪಿಯುಸಿ ಪರೀಕ್ಷೆ ಮುಗೀಲಿ', 'ನಾದಿನಿ ಮದುವೆ ಆಗ್ಲಿ' ಎಂದು ಮುಂದೂಡುವವರು ಎಷ್ಟೋ ಮಂದಿ. ನೋವಿಲ್ಲವಲ್ಲ ಎಂಬ ಸಮಾಧಾನ ಬೇರೆ. ಆದರೆ ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಕೈಗೆ ಸಿಗುವ ಗಂಟೆಲ್ಲ ಕ್ಯಾನ್ಸರ್ ಅಲ್ಲ, ನಿಜ. ಹೌದೋ ಅಲ್ಲವೋ ಎಂದು ಹೇಳಬೇಕಾದವರು ಮಾತ್ರ ಡಾಕ್ಟರು, ನೀವಲ್ಲ.

'ಕ್ಯಾನ್ಸರ್ ಬಂದಿದ್ದೇ ಒಳ್ಳೇದಾಯ್ತು' ಎಂದು ಯಾರೂ ಹೇಳಬೇಕಾಗಿಲ್ಲ. ಕಾಯಿಲೆ ಕಾಯಿಲೆಯೇ. ಆದರೆ ಚಿಕಿತ್ಸೆಯ ಆ ಎಂಟು ಹತ್ತು ತಿಂಗಳಲ್ಲಿ ನಮ್ಮ ಎಷ್ಟೋ ಹಳೆಯ ಅಭ್ಯಾಸಗಳು ಕಳಚಿ ಬೀಳುತ್ತವೆ. ಆಗ ಸಿಗುವ ತಿಳಿವಳಿಕೆ ಆರೋಗ್ಯವಾಗಿರುವವರಿಗೂ ಉಪಯೋಗಕ್ಕೆ ಬರುವಂಥದ್ದು.

ಕೇಳುವುದು ಅಧಿಕಪ್ರಸಂಗವಲ್ಲ

ಡಾಕ್ಟರ ಮುಂದೆ ಕುಳಿತಾಗ ನಮ್ಮ ಪರವಾಗಿ ಮಾತಾಡುವವರು ಯಾರು? ಯಜಮಾನರು, ಇಲ್ಲವೇ ಮಗ. ನಾವು ಪಕ್ಕದಲ್ಲಿ ಫೈಲು ಹಿಡಿದು ಕೂರುತ್ತೇವೆ. ಮೊದಲು ಬಿಡಬೇಕಾದ ಅಭ್ಯಾಸ ಇದು. ದೇಹ ನಿಮ್ಮದು, ಪ್ರಶ್ನೆಯೂ ನಿಮ್ಮದೇ ಆಗಿರಲಿ.

ಒಂದು ಉದಾಹರಣೆ ನೋಡಿ. ಆರಂಭದ ಹಂತದಲ್ಲಿದ್ದರೆ ಗಂಟನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ, ಸ್ತನವನ್ನು ಪೂರ್ತಿ ತೆಗೆದರೂ ಬದುಕುಳಿಯುವ ಸಾಧ್ಯತೆ ಹೆಚ್ಚುಕಡಿಮೆ ಒಂದೇ. ರೋಗಿಗಳನ್ನು 20 ವರ್ಷ ಗಮನಿಸಿದ ಅಮೆರಿಕ ಮತ್ತು ಇಟಲಿಯ ಎರಡು ಅಧ್ಯಯನಗಳು 2002ರಲ್ಲೇ ಇದನ್ನು ಹೇಳಿವೆ. 'ನನಗೆ ಯಾವುದು ಸರಿ ಡಾಕ್ಟ್ರೇ, ಯಾಕೆ?' ಎಂದು ಕೇಳಲು ಸಂಕೋಚ ಬೇಡ. ಬಯಾಪ್ಸಿ ರಿಪೋರ್ಟಿನಲ್ಲಿರುವ ಇಆರ್, ಪಿಆರ್, ಹರ್-2 ಎಂಬ ಅಕ್ಷರಗಳ ಅರ್ಥವನ್ನೂ ಕೇಳಿ. ನಿಮಗೆ ಯಾವ ಔಷಧಿ ಹಿಡಿಯುತ್ತದೆ ಎಂಬುದನ್ನು ತಿಳಿಸುವುದು ಅವೇ. ಹರ್-2 ಪಾಸಿಟಿವ್ ಆದವರಿಗೆ ಬೇಕಾಗುವ ಟ್ರಾಸ್ಟುಜುಮಾಬ್ ಒಂದು ಕಾಲಕ್ಕೆ ಮಧ್ಯಮ ವರ್ಗದ ಕೈಗೆಟುಕುತ್ತಿರಲಿಲ್ಲ. ಅದೇ ಬಗೆಯ ಔಷಧಿಯನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. ಹಾಗಾಗಿ ಖರ್ಚಿನ ಬಗ್ಗೆಯೂ ಬಾಯಿಬಿಟ್ಟು ಕೇಳಿ. ಸರ್ಕಾರದ ಯೋಜನೆ ನಿಮಗೆ ಅನ್ವಯಿಸುತ್ತದೆಯೇ ಎಂದು ಆಸ್ಪತ್ರೆಯ ಕೌಂಟರ್‌ನಲ್ಲಿ ವಿಚಾರಿಸಿ.

ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ಮುರುಗಿಸಿ ನೋಡಿ ಕೊಳ್ಳುವವರು ನಾವು. ನಮ್ಮ ಜೀವದ ವಿಷಯದಲ್ಲಿ ಸುಮ್ಮನಿರುವುದು ಯಾಕೆ?

ಇವತ್ತಿಗೆ ಇವತ್ತಿನದು

ಕೀಮೋ ಸಾಮಾನ್ಯವಾಗಿ 21 ದಿನಕ್ಕೊಮ್ಮೆ. ಕೆಲವರಿಗೆ ಎರಡು ವಾರಕ್ಕೊಮ್ಮೆ, ಇನ್ನು ಕೆಲವರಿಗೆ ವಾರವಾರವೂ ಇರಬಹುದು. ಪ್ರತಿ ಸಲವೂ ರಕ್ತ ಪರೀಕ್ಷೆ. 'ಕೌಂಟ್' ಕಡಿಮೆ ಇದ್ದರೆ ಆ ದಿನದ ಡೋಸು ಮುಂದಕ್ಕೆ. ನೀವು ಹಾಕಿಕೊಂಡ ಲೆಕ್ಕಾಚಾರವೆಲ್ಲ ತಲೆಕೆಳಗು! ತಿಂಗಳ ದಿನಸಿಯಿಂದ ಮಗಳ ಮದುವೆಯವರೆಗೆ ಎಲ್ಲವನ್ನೂ ಮುಂಚೆಯೇ ಯೋಚಿಸಿಡುವ ನಮಗೆ ಇದು ಬಲು ಕಷ್ಟ. ಆದರೆ ಹೊಂದಿಕೊಳ್ಳದೆ ವಿಧಿಯಿಲ್ಲ.

ಸುಸ್ತು ಹೆಚ್ಚಿರುವ ದಿನ ಮಲಗಿ. ಬಾಯಿಗೆ ರುಚಿ ಬಂದ ದಿನ ಇಷ್ಟವಾದದ್ದನ್ನು ಮಾಡಿಸಿಕೊಂಡು ತಿನ್ನಿ. ಒಗ್ಗರಣೆ ವಾಸನೆಗೇ ವಾಂತಿ ಬರುವಂತಾದರೆ ಅಡುಗೆಮನೆಯ ಕಡೆ ತಲೆ ಹಾಕಬೇಡಿ. ಬಾಯಿ ಹುಣ್ಣಾದರೆ ಖಾರ ಬಿಟ್ಟು ರಾಗಿ ಗಂಜಿ, ಮೆತ್ತಗಿನ ಇಡ್ಲಿ, ತಣ್ಣಗಿನ ಅನ್ನ. ಆರು ಕೀಮೋಗಳನ್ನು ಒಟ್ಟಿಗೆ ನೆನೆಸಿಕೊಂಡರೆ ಎದೆ ಒಡೆಯುತ್ತದೆ. ಇವತ್ತಿನದೊಂದನ್ನು ದಾಟುವುದು ಸಾಧ್ಯ. ಇದು ಕಾಯಿಲೆಯವರಿಗೆ ಮಾತ್ರ ಹೇಳಿದ ಮಾತಲ್ಲ, ಅಲ್ಲವೇ?

ಕೈ ಹಿಡಿದವರನ್ನು ಬಿಡಬೇಡಿ

'ಬೇಡಮ್ಮಾ, ನಾನೇ ಮಾಡ್ಕೋತೀನಿ.' ನಮ್ಮ ಬಾಯಲ್ಲಿ ದಿನಕ್ಕೆಷ್ಟು ಸಲ ಈ ಮಾತು ಬರುತ್ತದೆ! ಪಕ್ಕದ ಮನೆಯವರು ಸಾರು ತಂದುಕೊಟ್ಟರೆ ಬಟ್ಟಲು ತೊಳೆದು, ಅದರಲ್ಲಿ ಇನ್ನೇನಾದರೂ ಹಾಕಿ ಕೊಡದಿದ್ದರೆ ನಮಗೆ ಸಮಾಧಾನವಿಲ್ಲ. ಚಿಕಿತ್ಸೆಯ ದಿನಗಳಲ್ಲಿ ಬಟ್ಟಲು ಖಾಲಿಯೇ ಹೋಗಲಿ ಬಿಡಿ.

ಹೈದರಾಬಾದಿನ ಭರತನಾಟ್ಯ ಕಲಾವಿದೆ ಆನಂದಾ ಶಂಕರ್ ಜಯಂತ್ ಅವರಿಗೆ 2008ರಲ್ಲಿ ಸ್ತನ ಕ್ಯಾನ್ಸರ್ ಇರುವುದು ಗೊತ್ತಾಯಿತು. ಚಿಕಿತ್ಸೆಯ ನಡುವೆಯೂ ಅವರು ನೃತ್ಯ ಬಿಡಲಿಲ್ಲ. 2009ರಲ್ಲಿ ನಮ್ಮ ಮೈಸೂರಿನಲ್ಲೇ ನಡೆದ ಟೆಡ್ ಇಂಡಿಯಾ ಸಮಾವೇಶದಲ್ಲಿ ಆ ಕಥೆಯನ್ನು ಹೇಳಿ, ಕುಣಿದೂ ತೋರಿಸಿದರು. ಅವರ ಮನಸ್ಸಿಗೆ ಬಲ ಕೊಟ್ಟದ್ದು ಸಿಂಹದ ಮೇಲೆ ಕುಳಿತ, ಹಲವು ಕೈಗಳ ದುರ್ಗೆ. ಯೋಚಿಸಿ ನೋಡಿ, ಮಹಿಷಾಸುರನನ್ನು ಮಣಿಸಲು ದೇವಿಗೇ ಅಷ್ಟು ಕೈ ಬೇಕಾಯಿತು. ನಮ್ಮ ಎರಡೇ ಕೈಯಲ್ಲಿ ಎಲ್ಲ ಆಗಬೇಕೆಂಬ ಹಟ ಯಾಕೆ? ಮಗ ಕುಕ್ಕರ್ ಇಡಲಿ. ಯಜಮಾನರು ಬಟ್ಟೆ ಮಡಚಲಿ. ಅನ್ನ ಮುದ್ದೆಯಾದರೆ ಆಗಲಿ, ಟೀಕೆ ಮಾತ್ರ ಮಾಡಬೇಡಿ!

ಕನ್ನಡಿಯ ಮುಂದೆ

ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಬಾಚಣಿಗೆಯಲ್ಲಿ ಗೊಂಚಲುಗೊಂಚಲಾಗಿ ಕೂದಲು ಬರತೊಡಗುತ್ತದೆ. ಜಡೆಗೆ ಮಲ್ಲಿಗೆ ಮುಡಿದು ಬೆಳೆದವರಿಗೆ ಇದು ಆಪರೇಷನ್ನಿಗಿಂತ ದೊಡ್ಡ ಪೆಟ್ಟು ಅನ್ನಿಸಬಹುದು. ಹೆಣ್ಣಿನ ಬೋಳು ತಲೆಯನ್ನು ಅಶುಭವೆಂದು ನೋಡುವ ಹಳೆಯ ಕಣ್ಣು ನಮ್ಮಲ್ಲಿ ಇನ್ನೂ ಪೂರ್ತಿ ಮುಚ್ಚಿಲ್ಲ. ಹಾಗಾಗಿ ನೋವು ಸಹಜ. 'ಕೂದಲು ತಾನೇ, ಬರುತ್ತೆ ಬಿಡಿ' ಎನ್ನುವವರಿಗೆ ಅದು ಅರ್ಥವಾಗದು.

ಲೇಖಕಿ, ನಿರ್ದೇಶಕಿ ತಾಹಿರಾ ಕಶ್ಯಪ್ ತಮಗೆ ಸ್ತನ ಕ್ಯಾನ್ಸರ್ ಎಂದು 2018ರಲ್ಲಿ ಹೇಳಿಕೊಂಡರು. 2019ರಲ್ಲಿ ಬೋಳು ತಲೆಯಲ್ಲೇ ಫ್ಯಾಷನ್ ಷೋನಲ್ಲಿ ಹೆಜ್ಜೆ ಹಾಕಿದರು. ನೀವೂ ಹಾಗೇ ಮಾಡಬೇಕಿಲ್ಲ. ವಿಗ್ ಇಷ್ಟವಾದರೆ ಹಾಕಿಕೊಳ್ಳಿ, ಕಾಟನ್ ಸ್ಕಾರ್ಫ್ ಕಟ್ಟಿಕೊಳ್ಳಿ, ಸೆಕೆಯಾದರೆ ತೆಗೆದಿಡಿ. ಸ್ತನ ತೆಗೆದ ಮೇಲೆ ಒಳಗಿಡಲು ಕೃತಕ ಸ್ತನವೂ ಸಿಗುತ್ತದೆ. ಸ್ತನವನ್ನು ಮತ್ತೆ ರೂಪಿಸುವ ಸರ್ಜರಿಯೂ ಇದೆ. ಇದೊಂದೂ ಬೇಡವೆನ್ನಿಸಿದರೆ ಅದೂ ಸರಿಯೇ. ಯಾರಿಗೆ ಹೇಗೆ ಕಾಣಬೇಕು ಎಂಬುದನ್ನು ಮೊದಲ ಬಾರಿಗೆ ನೀವೇ ನಿರ್ಧರಿಸುತ್ತೀರಿ.

ಅತ್ತರೆ ತಪ್ಪೇನು?

'ಧೈರ್ಯವಾಗಿರು' ಎಂದು ನೂರು ಜನ ಹೇಳುತ್ತಾರೆ. ಮಕ್ಕಳ ಮುಂದೆ ನಗುತ್ತಾ, ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುವವರು ಎಷ್ಟು ಜನವೋ. ಅಳು ಸೋಲಲ್ಲ. ಭಯವಾಗಿದೆ ಎಂದು ಹತ್ತಿರದವರಲ್ಲಿ ಒಬ್ಬರ ಹತ್ತಿರವಾದರೂ ಹೇಳಿಕೊಳ್ಳಿ. ವಾರಗಟ್ಟಲೆ ನಿದ್ದೆ ಇಲ್ಲ, ಯಾವುದೂ ಬೇಡ ಅನ್ನಿಸಿದರೆ ಆಪ್ತ ಸಮಾಲೋಚಕರನ್ನು ಕಾಣಿ. ಕೀಮೋ ಸಮಯದಲ್ಲಿ ಯೋಗಾಭ್ಯಾಸ ಮಾಡಿದವರಿಗೆ ವಾಕರಿಕೆ ಕಡಿಮೆಯಾಯಿತು ಎಂದು ಬೆಂಗಳೂರಿನಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು, 2007ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಯೋಗ ಚಿಕಿತ್ಸೆಯ ಜೊತೆಗಿರಲಿ, ಚಿಕಿತ್ಸೆಯ ಬದಲಿಗಲ್ಲ.

ನೋಡಲು ಬಂದವರು 'ಯಾವ ಜನ್ಮದ ಕರ್ಮವೋ', 'ಯಾರ ದೃಷ್ಟಿಯೋ' ಎಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಇದು ಅಂಟುರೋಗವಲ್ಲ, ಪಾಪದ ಫಲವೂ ಅಲ್ಲ. 'ರೆಸ್ಟ್ ಮಾಡಬೇಕು' ಎಂದು ಹೇಳಿ ಒಳಗೆ ಹೋಗುವುದನ್ನೂ ಕಲಿಯಿರಿ. 'ಇಲ್ಲ' ಎನ್ನಲು ಬಾರದವರಿಗೆ ಇದು ಬಹಳ ದೊಡ್ಡ ಪಾಠ.

ಚಿಕಿತ್ಸೆ ಮುಗಿದ ಮೇಲೆ

ಕೊನೆಯ ರೇಡಿಯೇಷನ್ ಮುಗಿದ ದಿನ ಮನೆಯವರೆಲ್ಲ ನಿಟ್ಟುಸಿರು ಬಿಡುತ್ತಾರೆ. ಮರುದಿನದಿಂದಲೇ ಮೊದಲಿನಂತೆ ಐದಕ್ಕೆದ್ದು ತಿಂಡಿ, ಡಬ್ಬಿ, ಪೂಜೆ ಎಲ್ಲ ನಡೆಯಬೇಕೆಂದು ನಿರೀಕ್ಷಿಸುತ್ತಾರೆ. ಆದರೆ ಸುಸ್ತು ತಿಂಗಳುಗಟ್ಟಲೆ ಉಳಿಯಬಹುದು. ಹಾರ್ಮೋನ್ ಸಂಬಂಧದ ಕ್ಯಾನ್ಸರ್ ಆಗಿದ್ದರೆ ಮಾತ್ರೆಯನ್ನು ಸಾಮಾನ್ಯವಾಗಿ 5 ವರ್ಷ, ಕೆಲವರು 10 ವರ್ಷ ನುಂಗಬೇಕಾಗುತ್ತದೆ. ಚೆನ್ನಾಗಿದ್ದೇನಲ್ಲ ಎಂದು ಮಧ್ಯದಲ್ಲಿ ನಿಲ್ಲಿಸುವಂತಿಲ್ಲ. ಮತ್ತೆ ಬಂದುಬಿಟ್ಟರೆ ಎಂಬ ಭಯ ಪ್ರತಿ ಚೆಕಪ್ಪಿಗೂ ಜೊತೆಗೆ ಬರುತ್ತದೆ. ಅದನ್ನೂ ಮನೆಯವರಿಗೆ ಹೇಳಿ. ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ನಿಮ್ಮ ಮಗಳು ಇದನ್ನೆಲ್ಲ ನೋಡುತ್ತಿರುತ್ತಾಳೆ. ಅಮ್ಮ ತನ್ನ ಆರೋಗ್ಯವನ್ನು ಕೊನೆಗೆ ಇಟ್ಟರೆ ನಾಳೆ ಅವಳೂ ಹಾಗೇ ಇಡುತ್ತಾಳೆ. ಅಮ್ಮ ಕೇಳಿದರೆ ಅವಳೂ ಕೇಳುತ್ತಾಳೆ.

ಇವು ನೆನಪಿರಲಿ

* ಸ್ತನದಲ್ಲಿ ಅಥವಾ ಕಂಕುಳಲ್ಲಿ ಗಂಟು, ಚರ್ಮದಲ್ಲಿ ಕುಳಿ, ತೊಟ್ಟು ಒಳಕ್ಕೆ ಸರಿಯುವುದು, ತೊಟ್ಟಿನಿಂದ ರಕ್ತ: ಯಾವುದು ಕಂಡರೂ ಹಬ್ಬ ಮುಗಿಯುವವರೆಗೆ ಕಾಯಬೇಡಿ.
* ಕೀಮೋ ನಡೆಯುತ್ತಿರುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಿ, ರಾತ್ರಿಯಾದರೂ ಸರಿ. ಮಾತ್ರೆ ನುಂಗಿ ಬೆಳಗಾಗಲಿ ಎನ್ನುವುದು ಅಪಾಯ.
* ಆಪರೇಷನ್ ಆದ ಕಡೆಯ ತೋಳಿಗೆ ಹೇಳಿಕೊಟ್ಟ ವ್ಯಾಯಾಮ ತಪ್ಪಿಸಬೇಡಿ. ಡಾಕ್ಟರ್ ಹೇಳುವವರೆಗೆ ಆ ಕೈಯಲ್ಲಿ ಭಾರ ಎತ್ತಬೇಡಿ. ತೋಳು ಊದಿಕೊಂಡರೆ ಬೇಗ ತೋರಿಸಿ.
* ಯಾರೋ ಹೇಳಿದ ಕಷಾಯ, ಪುಡಿ ಸೇವಿಸುವ ಮುನ್ನ ಡಾಕ್ಟರಿಗೆ ತಿಳಿಸಿ.
* ಕೇಳಬೇಕಾದ ಪ್ರಶ್ನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ. ರಿಪೋರ್ಟುಗಳೆಲ್ಲ ಒಂದೇ ಫೈಲಿನಲ್ಲಿರಲಿ.
* ಗೆಳತಿಗೆ ಚಿಕಿತ್ಸೆ ನಡೆಯುತ್ತಿದೆಯೇ? 'ಏನಾದರೂ ಬೇಕಿದ್ದರೆ ಹೇಳಿ' ಎನ್ನುವುದಕ್ಕಿಂತ 'ಗುರುವಾರ ಮಧ್ಯಾಹ್ನದ ಊಟ ನಾನು ತರ್ತೀನಿ' ಎನ್ನಿ. ಅವರಿಗೆ ಕೇಳುವ ಸಂಕೋಚ ಉಳಿಯುತ್ತದೆ.