ಬಂದರಿನಲ್ಲೊಂದು ರೂಮು

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಪಡುವಣಕ್ಕೆ ತಿರುಗಿದರೆ ದಾರಿ ಕೇಳುವ ಕೆಲಸವಿಲ್ಲ, ಮೂಗೇ ಮುಂದೆ ನಡೆಯುತ್ತದೆ. ಮೊದಲಿಗೆ ಒಣಮೆಣಸಿನ ಘಾಟು, ನಾಲ್ಕು ಅಂಗಡಿ ದಾಟಿದರೆ ಬೆಲ್ಲದ ಅಂಟುಸಿಹಿ, ಗೋಣಿಚೀಲದ ಧೂಳು, ಅದರಾಚೆ ಒಣಮೀನು, ಕೊನೆಗೆ ಡೀಸೆಲ್ ಬೆರೆತ ಉಪ್ಪುಗಾಳಿ. ಓಣಿ ಇಕ್ಕಟ್ಟು, ಎದುರಿನಿಂದ ಅಕ್ಕಿಮೂಟೆಯ ಲಾರಿ ಬಂತೆಂದರೆ ಯಾವುದಾದರೂ ಗೋದಾಮಿನ ಮೆಟ್ಟಿಲು ಹತ್ತಿ ನಿಲ್ಲಬೇಕು. ನಿಂತಲ್ಲಿಂದ ತಲೆಯೆತ್ತಿ ನೋಡಿ: ಪಾಚಿ ಹಿಡಿದು ಕಪ್ಪಾದ ಹಂಚಿನ ಮಾಡು, ಅದಕ್ಕೆ ಹೆಗಲು ತಾಗಿಸಿಕೊಂಡು ಹಸಿರು ಬಲೆ ಹೊದ್ದ ಹೊಸ ಕಟ್ಟಡ, ಅದರ ತುದಿಯಲ್ಲಿ ಕಾಂಕ್ರೀಟು ಎರೆಯುತ್ತಿರುವ ಹುಡುಗರು. ಕೆಳಗೆ ಹಮಾಲಿಯೊಬ್ಬ ತಲೆಯ ಮೇಲಿನ ಮೂಟೆಯನ್ನು ಒಂದಿಷ್ಟೂ ಅಲುಗಿಸದೆ ಬೀಡಿಗೆ ಕಡ್ಡಿ ಗೀರುತ್ತಾನೆ.

ಇಂಥಲ್ಲಿ ಉಳಿದುಕೊಳ್ಳಬೇಕೆಂದರೆ ರಿಕ್ಷಾದವರೇ ಬೇಡವೆನ್ನುತ್ತಾರೆ. “ದಕ್ಕೆ ಹತ್ರ ಎಂಥ ಲಾಡ್ಜ್ ಮಾರಾಯ್ರೆ, ಹಂಪನಕಟ್ಟೆಯಲ್ಲಿ ಒಳ್ಳೊಳ್ಳೆದು ಉಂಟಲ್ಲ!” ಉಂಟು, ನಿಜ. ಆದರೆ ಈಚೆಗೆ ಬಂದರಿನ ಕಡೆಯ ಲಾಡ್ಜುಗಳೂ ಸುಣ್ಣಬಣ್ಣ ಬಳಿದುಕೊಂಡು ‘ರಿವರ್ ವ್ಯೂ’ ಎಂಬ ಎರಡು ಶಬ್ದಕ್ಕೆ ಪ್ರತ್ಯೇಕ ಬಾಡಿಗೆ ಕೇಳತೊಡಗಿವೆ. ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ್ದು 2016ರಲ್ಲಿ. ಅಂದಿನಿಂದ ನದಿದಂಡೆಯ ಮಾತು ನಿಂತಿಲ್ಲ: ನೇತ್ರಾವತಿಯ ಬದಿಯಲ್ಲಿ ಬೋಳಾರದ ಕಡೆಗೆ ನಡಿಗೆಹಾದಿ, ಲಕ್ಷದ್ವೀಪದ ಹಡಗುಗಳಿಗೆಂದೇ ಒಂದು ಜೆಟ್ಟಿ. ನಗರ ಇಷ್ಟು ವರ್ಷ ನದಿಗೆ ಬೆನ್ನು ಹಾಕಿ ಕೂತಿತ್ತು, ಈಗ ಕುರ್ಚಿ ತಿರುಗಿಸುತ್ತಿದೆ.

ಸರಿ, ರಿವರ್ ವ್ಯೂ ನೋಡೋಣ. ಮ್ಯಾನೇಜರು ಪರದೆ ಸರಿಸುತ್ತಾರೆ. ಕೆಳಗೆ ಗುರುಪುರ ನದಿ. ಇನ್ನು ಸ್ವಲ್ಪ ತೆಂಕಕ್ಕೆ ಹೋದರೆ ನೇತ್ರಾವತಿಯನ್ನು ಕೂಡಿಕೊಂಡು ಅಳಿವೆಬಾಗಿಲಲ್ಲಿ ಸಮುದ್ರ ಸೇರುತ್ತದೆ. ಎದುರು ದಂಡೆಯಲ್ಲಿ ಬೆಂಗರೆಯ ತೆಂಗು. ಶಾಲೆ ಮಕ್ಕಳು, ಸ್ಕೂಟರು, ಮೀನಿನ ಬುಟ್ಟಿ ಎಲ್ಲವನ್ನೂ ಹೊತ್ತ ಕಡವಿನ ದೋಣಿ ಟಪಟಪ ಎನ್ನುತ್ತ ಅಡ್ಡ ಹಾಯುತ್ತದೆ. ಈ ದಂಡೆಯಲ್ಲಿ ಸಿಮೆಂಟು, ಜಲ್ಲಿ, ತರಕಾರಿ ತುಂಬಿಕೊಳ್ಳುತ್ತಿರುವ ಮಂಜಿಗಳು. ಪಣಂಬೂರಿನಲ್ಲಿ 1975ರಲ್ಲಿ ನವಮಂಗಳೂರು ಬಂದರು ಉದ್ಘಾಟನೆಯಾದ ಮೇಲೆ ದೊಡ್ಡ ಹಡಗುಗಳೆಲ್ಲ ಅತ್ತ ಹೋದವು. ದ್ವೀಪಗಳಿಗೆ ಸಾಮಾನು ಒಯ್ಯುವ ಈ ಮರದ ಹೊಟ್ಟೆಯ ಮಂಜಿಗಳು ಮಾತ್ರ ಹಳೆ ಬಂದರನ್ನು ಬಿಡಲಿಲ್ಲ. ನೋಟಕ್ಕೇನೂ ಕೊರತೆಯಿಲ್ಲ. ಹಾಗೆಂದು ಅಡ್ವಾನ್ಸು ಕೊಡಲು ಕಿಸೆಗೆ ಕೈಹಾಕಬೇಡಿ.

ಗಾಳಿಯ ಲೆಕ್ಕ ನೋಡಬೇಕು. ಮೀನಿನ ಬೋಟು ನಿಲ್ಲುವ ದಕ್ಕೆಯಲ್ಲಿ ಬೆಳಗಿನ ಜಾವವೇ ಸಂತೆ. ಕತ್ತಲಿರುವಾಗಲೇ ಬೋಟುಗಳು ಒಂದರ ಪಕ್ಕ ಒಂದು ಬಂದು ನಿಂತು, ಹೊಟ್ಟೆಯೊಳಗಿನಿಂದ ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ ಬುಟ್ಟಿಬುಟ್ಟಿಯಾಗಿ ಮೇಲೆ ಬರುತ್ತವೆ. ಐಸ್ ಪುಡಿಮಾಡುವ ಯಂತ್ರದ ಕರಕರ, ಏಲಂ ಕೂಗುವವನ ಒಂದೇ ಉಸಿರಿನ ರಾಗ, ಸೆರಗು ಸಿಕ್ಕಿಸಿಕೊಂಡು ಬುಟ್ಟಿಗೆ ಮುತ್ತಿದ ಹೆಂಗಸರ ತುಳು. ಅವರ ಚೌಕಾಸಿಯ ಎದುರು ಯಾವ ಶೇರುಪೇಟೆಯೂ ಸಪ್ಪೆ. ಇಷ್ಟೆಲ್ಲ ಮೀನು ಬಿದ್ದಿರುವ ಆ ಹೊತ್ತಿನಲ್ಲಿ ನಿಮ್ಮ ಕೋಣೆಗೆ ವಾಸನೆಯೇ ಬಾರದು! ನೆಲದಿಂದ ಕಡಲಿಗೆ ಬೀಸುವ ಗಾಳಿ ಅದನ್ನೆಲ್ಲ ಹೊಳೆಯಾಚೆಗೆ ಒಯ್ದಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ. ಹೊತ್ತೇರುವ ಮುಂಚೆ ರೂಮು ನೋಡಿ ಒಪ್ಪಿದವರು ಮಧ್ಯಾಹ್ನ ಮೂರಕ್ಕೆ ಕಿಟಕಿ ಮುಚ್ಚಿ ಕೂರುವುದು ಈ ಕಾರಣಕ್ಕೆ. ಪಡುವಣದ ಕಿಟಕಿಗೆ ಹೆಚ್ಚಿನ ಬಾಡಿಗೆ ಕೊಡುವ ಮೊದಲು ಸಂಜೆ ಒಮ್ಮೆ ಬಂದು ಅಲ್ಲಿ ನಿಂತು ನೋಡುವುದು ಕ್ಷೇಮ.

ಜೂನ್, ಜುಲೈನಲ್ಲಿ ಬಂದರೆ ಚಿತ್ರವೇ ಬೇರೆ. ಆ 61 ದಿನ ಯಾಂತ್ರಿಕ ಬೋಟುಗಳಿಗೆ ಕಡಲು ನಿಷೇಧ. ಎಲ್ಲವೂ ದಡಕ್ಕೆ ಕಟ್ಟಿಕೊಂಡು ನದಿ ಕಾಣದಷ್ಟು ಒತ್ತಾಗಿ ನಿಂತಿರುತ್ತವೆ. ಬಲೆ ನೇಯುವವರ ಹರಟೆ, ಮಾಡಿನಿಂದ ಧೋ ಎಂದು ಇಳಿಯುವ ಮಳೆ. ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರಿನಲ್ಲಿ ಗೋಡೆಯ ಬಣ್ಣ ನೋಡಿ ಏನೂ ತಿಳಿಯದು, ಕಪಾಟಿನ ಬಾಗಿಲು ತೆರೆದು ಮೂಸಬೇಕು. ಕಿಟಕಿಯ ತಿರುಗಣಿ ತುಕ್ಕು ಹಿಡಿದಿದ್ದರೆ ಎಸಿಯ ಹೊರಯಂತ್ರವೂ ಹಿಡಿದಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಸೊಳ್ಳೆಪರದೆ. ಮಂಗಳೂರನ್ನು ವರ್ಷಗಟ್ಟಲೆ ಕಾಡಿದ ಮಲೇರಿಯಾಕ್ಕೆ ಕಟ್ಟಡ ಕಾಮಗಾರಿಗಳಲ್ಲಿ ನಿಂತ ನೀರು ದೊಡ್ಡ ಆಸರೆ. ಪಕ್ಕದಲ್ಲಿ ಅರ್ಧ ಎದ್ದ ಕಟ್ಟಡವಿದ್ದರೆ ಹಗಲಿಗೆ ಡ್ರಿಲ್ಲಿನ ಸದ್ದು, ರಾತ್ರಿಗೆ ಸೊಳ್ಳೆ.

ಬಂದರಿಗೆ ಬಂದಿಳಿದವರ ವಸತಿಯ ಚಿಂತೆ ಹೊಸದಲ್ಲ. 12ನೇ ಶತಮಾನದಲ್ಲಿ ಏಡನ್ ದಾರಿಯಾಗಿ ಬಂದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಹದಿನೈದಕ್ಕೂ ಹೆಚ್ಚು ವರ್ಷ ಈ ಕರಾವಳಿಯಲ್ಲೇ ಉಳಿದುಬಿಟ್ಟ. 14ನೇ ಶತಮಾನದ ಪ್ರವಾಸಿ ಇಬ್ನ್ ಬತೂತ, ಫಾರಸಿ ಮತ್ತು ಯೆಮನಿನ ವರ್ತಕರು ಇಳಿಯುವ ಊರು, ಮೆಣಸು ಶುಂಠಿಗೆ ಲೆಕ್ಕವಿಲ್ಲ ಎಂದು ಬರೆದ. ಮಳೆಗಾಲದಲ್ಲಿ ಕಡಲು ಮುಚ್ಚಿದರೆ ಅವರಿಗೆ ಚೆಕ್‌ಔಟ್ ಎಂಬುದೇ ಇರಲಿಲ್ಲ. ಇದೇ ಬಂದರಿನ, ಕೆತ್ತನೆಯ ಮರಗಂಬಗಳ ಝೀನತ್ ಬಕ್ಷ್ ಮಸೀದಿಯ ಅಂಗಳದಲ್ಲಿ ಈಗಲೂ ದೂರದಿಂದ ಬಂದವರು ಕೈಕಾಲು ತೊಳೆದು ಹೊತ್ತು ಕಳೆಯುವುದನ್ನು ಕಾಣಬಹುದು.

ನನ್ನನ್ನು ಕೇಳಿದರೆ ನದಿ ಬೇಡ. ಒಂದು ಓಣಿ ಹಿಂದೆ ಸರಿಯಿರಿ, ಲಕ್ಷದ್ವೀಪದವರು ಇಳಿಯುವ ಲಾಡ್ಜ್ ಯಾವುದೆಂದು ವಿಚಾರಿಸಿ. ಆಸ್ಪತ್ರೆಗೆಂದು, ಮದುವೆ ಜವಳಿಗೆಂದು ಅಜ್ಜಿ ಮೊಮ್ಮಕ್ಕಳನ್ನೆಲ್ಲ ಕರೆದುಕೊಂಡು ಬಂದು ವಾರಗಟ್ಟಲೆ ಉಳಿಯುವವರು ಅವರು; ನೀರು ಬಾರದ, ಬಾಗಿಲು ಹಾಕಿಕೊಳ್ಳದ ಕೋಣೆಯನ್ನು ಎರಡನೇ ಸಲ ಹಿಡಿಯುವುದಿಲ್ಲ. ಅಂಥ ಲಾಡ್ಜಿನ ಕೆಳಗೊಂದು ಹೋಟೆಲು ಇದ್ದೇ ಇರುತ್ತದೆ: ಕುಚ್ಚಲಕ್ಕಿ ಅನ್ನ, ಬಂಗುಡೆ ಗಸಿ, ಕೇಳದೆಯೇ ಬಡಿಸುವ ಎರಡನೇ ಸೌಟು. ನದಿ ನೋಡಬೇಕೆನಿಸಿದರೆ ಬೆಂಗರೆಯ ದೋಣಿ ಹತ್ತಿ, ಹೋಗಿಬನ್ನಿ. ರಿವರ್ ವ್ಯೂ ರೂಮಿನ ಬಾಡಿಗೆಯ ಮುಂದೆ ಆ ಟಿಕೆಟಿನ ದುಡ್ಡು ಏನೂ ಅಲ್ಲ.

ನಡಿಗೆಹಾದಿ ಪೂರ್ತಿಯಾಗಿ, ಮೂಟೆ ಗೋದಾಮುಗಳ ಜಾಗದಲ್ಲಿ ಗಾಜಿನ ಲಾಬಿ ಬಂದಾಗ ಈ ಲಾಡ್ಜುಗಳ ಗತಿ ಏನು ಎಂದು ಒಬ್ಬ ಹಳೆ ಮ್ಯಾನೇಜರನ್ನು ಕೇಳಿದೆ. ಅವರು ಲೆಡ್ಜರು ತಿರುಗಿಸಿ ನನ್ನ ಮುಂದಿಟ್ಟರು. “ಅದು ಆಗುವಾಗ ನೋಡುವ ಸರ್. ಈಗ ಆಧಾರ್ ಕೊಡಿ. ಎರಡನೇ ಮಾಳಿಗೆ ಕೊಡ್ಲಾ, ಮೂರನೆದಾ? ಲಿಫ್ಟ್ ಇಲ್ಲ ಆಯ್ತಾ.”