ಸಾವಿರದ ನೂರು ಡಾಲರಿನ ಜಾನ್ ಹೆನ್ರಿ

ಅಮೆರಿಕದ ಕೆಂಟಕಿ ರಾಜ್ಯದ ಕೀನ್‌ಲ್ಯಾಂಡ್ ಹರಾಜಿಗೆ ಬರುವವರು ಮೊದಲು ಕುದುರೆಯ ವಂಶಾವಳಿ ನೋಡುತ್ತಾರೆ, ಆಮೇಲೆ ಕಾಲು. 1976ರ ಜನವರಿಯಲ್ಲಿ ಅಲ್ಲಿಗೆ ಬಂದ ಒಂದು ಥರೋಬ್ರೆಡ್ ಮರಿಗೆ ಇವೆರಡೂ ಚೆನ್ನಾಗಿರಲಿಲ್ಲ. ತಂದೆ ಓಲ್ ಬಾಬ್ ಬೋವರ್ಸ್ ಒಮ್ಮೆ ಬರೀ 900 ಡಾಲರಿಗೆ ಕೈ ಬದಲಿಸಿದ ಕುದುರೆ. ಮರಿಯ ಮುಂಗಾಲಿನ ಮಂಡಿಗಳು ಹಿಂದಕ್ಕೆ ಬಾಗಿದ್ದವು. ಓಟದ ಭಾರ ಬಿದ್ದರೆ ಇಂಥ ಕಾಲು ಬೇಗ ಕೆಡುತ್ತದೆಂದು ಬಲ್ಲವರು ದೂರ ಸರಿಯುತ್ತಾರೆ. ಸಾಲದ್ದಕ್ಕೆ ಲಾಯದಲ್ಲಿ ತಲೆ ಬಡಿದುಕೊಂಡು ಮುಖವೆಲ್ಲ ರಕ್ತ. ನಮ್ಮ ದನದ ಜಾತ್ರೆಯಾಗಿದ್ದರೆ ಸುಳಿ ಸರಿಯಿಲ್ಲವೆಂದು ಯಾರೂ ಹಗ್ಗ ಹಿಡಿಯುತ್ತಿರಲಿಲ್ಲ. ಅಲ್ಲಿ 1,100 ಡಾಲರಿಗೆ ಹೋಯಿತು.

ಹೆಸರು ಬಂದದ್ದು ಅದರ ಸಿಟ್ಟಿನಿಂದ. ಗೋಡೆಗೆ ತೂಗುಹಾಕಿದ ಉಕ್ಕಿನ ಬಕೆಟ್ಟುಗಳನ್ನು ಕಿತ್ತು ಕೆಳಗೆ ಹಾಕಿ, ತಗಡಾಗುವವರೆಗೆ ತುಳಿಯುತ್ತಿತ್ತು. ಉಗಿಯಂತ್ರದ ಜತೆ ಪಂದ್ಯ ಕಟ್ಟಿ, ಸುತ್ತಿಗೆ ಬೀಸಿ ಬಂಡೆ ಕೊರೆದು ಗೆದ್ದು, ಅಲ್ಲೇ ಪ್ರಾಣಬಿಟ್ಟ ಕಪ್ಪು ಕಾರ್ಮಿಕ ಜಾನ್ ಹೆನ್ರಿ ಅಮೆರಿಕದ ಜನಪದ ವೀರ. ಮರಿಗೆ ಅವನ ಹೆಸರನ್ನೇ ಇಟ್ಟರು. ಮುಂದಿನ ಮಾಲೀಕರು 2,200 ಡಾಲರ್ ಕೊಟ್ಟು ಕೊಂಡರು. ಈ ಸಿಟ್ಟಿಗೆ ಅವರು ಮಾಡಿದ ಮದ್ದು ಹಳೆಯದೇ: ಬೀಜ ತೆಗೆಸಿದರು.

ರೇಸಿನ ಲೆಕ್ಕಾಚಾರದಲ್ಲಿ ಇದು ದೊಡ್ಡ ಸಂಗತಿ. ಒಳ್ಳೆಯ ಗಂಡು ಕುದುರೆಯ ನಿಜವಾದ ಸಂಪಾದನೆ ಟ್ರ್ಯಾಕಿನಲ್ಲಿಲ್ಲ, ಸ್ಟಡ್ ಫಾರ್ಮಿನಲ್ಲಿದೆ. ಸೆಕ್ರೆಟೇರಿಯಟ್ ಎಂಬ ಕುದುರೆಯನ್ನೇ ನೋಡಿ. 1973ರಲ್ಲಿ ಅದರ ಬೀಜದ ಹಕ್ಕು ಅರವತ್ತು ಲಕ್ಷ ಡಾಲರಿಗೂ ಮೀರಿ ಹೋಯಿತು, ಮೂರರ ವಯಸ್ಸಿಗೇ ಅದು ಓಟ ನಿಲ್ಲಿಸಿತು. ಗೆಲ್ಡಿಂಗ್ ಆದ ಜಾನ್ ಹೆನ್ರಿಗೆ ಆ ದಾರಿ ಮುಚ್ಚಿತ್ತು. ಹೊಟ್ಟೆಪಾಡಿಗೆ ಓಡಲೇಬೇಕು. ಅದು ದೊಡ್ಡ ಕುದುರೆಯಾದದ್ದಕ್ಕೆ ಅರ್ಧ ಕಾರಣ ಇದೇ ಎಂದು ನನಗನ್ನಿಸುತ್ತದೆ. ಬೀಜ ಉಳಿದಿದ್ದು ಅಷ್ಟಿಷ್ಟು ಹೆಸರು ಬಂದಿದ್ದರೆ, ಪೂರ್ತಿ ಮಾಗುವ ಮೊದಲೇ ಅದನ್ನು ಟ್ರ್ಯಾಕಿನಿಂದ ಎಬ್ಬಿಸಿರುತ್ತಿದ್ದರು.

ಲೂಸಿಯಾನದ ಸಣ್ಣ ಟ್ರ್ಯಾಕುಗಳಲ್ಲಿ ಓಡುತ್ತ, ಕೈಯಿಂದ ಕೈಗೆ ದಾಟುತ್ತ ಅದರ ಮೊದಲ ದಿನಗಳು ಕಳೆದವು. 1978ರಲ್ಲಿ ನ್ಯೂಯಾರ್ಕಿನಲ್ಲಿ ಸೈಕಲ್ ಆಮದು ವ್ಯಾಪಾರ ಮಾಡುತ್ತಿದ್ದ ಸ್ಯಾಮ್ ರೂಬಿನ್ ಕುದುರೆಯ ಮುಖವನ್ನೂ ನೋಡದೆ 25,000 ಡಾಲರ್ ಕೊಟ್ಟರು. ಅದುವರೆಗೆ ರೇಸಿನ ಜತೆ ಅವರ ಸಂಬಂಧ ಬಾಜಿ ಕಟ್ಟುವುದಷ್ಟೇ. ಹೆಂಡತಿ ಡಾರತಿಯ ಹೆಸರನ್ನೂ ತಮ್ಮ ಹೆಸರನ್ನೂ ಸೇರಿಸಿ ಲಾಯಕ್ಕೆ ಡಾಟ್‌ಸ್ಯಾಮ್ ಎಂದು ಹೆಸರಿಟ್ಟರು.

ಬೆಂಗಳೂರು, ಮೈಸೂರಿನ ರೇಸು ನೋಡಿದವರಿಗೆ ಕುದುರೆ ಓಡುವುದು ಹುಲ್ಲಿನ ಮೇಲೆ. ಅಮೆರಿಕದಲ್ಲಿ ಬಹುಪಾಲು ಮಣ್ಣಿನ ಟ್ರ್ಯಾಕು. ರೂಬಿನ್ ಅವರ ಟ್ರೇನರ್ ಬಾಬ್ ಡೊನಾಟೊ ಜಾನ್ ಹೆನ್ರಿಯನ್ನು ಹುಲ್ಲಿಗೆ ಇಳಿಸಿದರು, ಕುದುರೆಯ ಅದೃಷ್ಟ ತಿರುಗಿತು. ಮುಂದೆ ಕ್ಯಾಲಿಫೋರ್ನಿಯದಲ್ಲಿ ಅದು ರಾನ್ ಮ್ಯಾಕ್‌ಅನಾಲಿ ಅವರ ಕೈಗೆ ಬಂತು. ಅನಾಥಾಲಯದಲ್ಲಿ ಬೆಳೆದ ಈ ಟ್ರೇನರ್ ಬೆತ್ತಕ್ಕಿಂತ ಕ್ಯಾರೆಟ್ಟು, ಸೇಬನ್ನು ಹೆಚ್ಚು ನಂಬಿದವರು. ಕುದುರೆಯ ಕೋಪ ಪೂರ್ತಿ ಹೋಗಲಿಲ್ಲ, ಆದರೆ ಓಟಕ್ಕೆ ಬಳಕೆಯಾಯಿತು.

1981ರ ಆಗಸ್ಟ್ 30ರಂದು ಷಿಕಾಗೊ ಬಳಿಯ ಅರ್ಲಿಂಗ್ಟನ್ ಪಾರ್ಕಿನಲ್ಲಿ ಮೊದಲ ಅರ್ಲಿಂಗ್ಟನ್ ಮಿಲಿಯನ್ ನಡೆಯಿತು. ಥರೋಬ್ರೆಡ್ ಓಟಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟದ್ದು ಅದೇ ಮೊದಲು. ಮಳೆಗೆ ಹುಲ್ಲು ನೆಂದು ನೆಲ ಮೆತ್ತಗಾಗಿತ್ತು. ಯಾರೂ ಲೆಕ್ಕಕ್ಕೆ ಇಟ್ಟಿರದ ದ ಬಾರ್ಟ್ ಎಂಬ ಕುದುರೆ ಕೊನೆಯ ನೇರದಲ್ಲಿ ಮುಂದೆ ನುಗ್ಗಿತು. ಜಾನ್ ಹೆನ್ರಿಯ ಮೇಲಿದ್ದ ಅನುಭವಿ ಜಾಕಿ ಬಿಲ್ ಶೂಮೇಕರ್ ಹಿಂದಿನಿಂದ ಒಂದೊಂದೇ ಹೆಜ್ಜೆ ಅಂತರ ತಗ್ಗಿಸುತ್ತ ಬಂದರು. ಗುರಿಗೆರೆಯಲ್ಲಿ ಎರಡೂ ಒಟ್ಟಿಗೇ ದಾಟಿದಂತೆ ಕಂಡವು. ದ ಬಾರ್ಟ್ ಗೆದ್ದಿತೆಂದು ಟಿವಿ ಸಾರಿಯೂಬಿಟ್ಟಿತು. ಫೋಟೊ ತೆಗೆದು ನೋಡಿದರೆ ಮೂಗಿನ ತುದಿಯಷ್ಟು ಮುಂದಿದ್ದದ್ದು ಜಾನ್ ಹೆನ್ರಿ! ಆ ಕ್ಷಣವನ್ನು ಮುಂದೆ ಅಲ್ಲಿ ಕಂಚಿನ ಪ್ರತಿಮೆಯಾಗಿ ಎರಕ ಹೊಯ್ದರು. ಆ ವರ್ಷ ಅದು ಅಮೆರಿಕದ ವರ್ಷದ ಕುದುರೆ ಪ್ರಶಸ್ತಿ ಪಡೆಯಿತು.

ಎಲ್ಲ ಗೆಲುವೂ ಇಷ್ಟು ಶುದ್ಧವಾಗಿರಲಿಲ್ಲ. 1982ರ ಸಾಂಟಾ ಅನಿತಾ ಹ್ಯಾಂಡಿಕ್ಯಾಪ್‌ನಲ್ಲಿ ಮೊದಲು ಬಂದದ್ದು ಪೆರೋ. ಅದು ಅಡ್ಡಬಂದಿತೆಂದು ಅನರ್ಹಗೊಳಿಸಿ ಜಾನ್ ಹೆನ್ರಿಗೆ ಗೆಲುವು ಕೊಟ್ಟರು. ಅದೇ ವರ್ಷ ಜಪಾನ್ ಕಪ್‌ಗೆ ಹೋಗಿ ಹದಿಮೂರನೆಯದಾಗಿ ಬಂತು. ಕಾಲುನೋವು ಕಾಡಿತು, ವಯಸ್ಸೂ ಆಯಿತೆಂದು ಜನ ಮಾತಾಡಿಕೊಂಡರು. ಆದರೆ 1984ರಲ್ಲಿ, ಬೇರೆ ಕುದುರೆಗಳು ಎಂದೋ ಲಾಯ ಸೇರಿರುವ ಒಂಬತ್ತನೆಯ ವಯಸ್ಸಿನಲ್ಲಿ, ಒಂಬತ್ತು ಓಟಗಳಲ್ಲಿ ಆರನ್ನು ಗೆದ್ದಿತು. ಕ್ರಿಸ್ ಮೆಕ್ಯಾರನ್ ಬೆನ್ನ ಮೇಲಿದ್ದಾಗ ಅರ್ಲಿಂಗ್ಟನ್ ಮಿಲಿಯನ್ ಮತ್ತೊಮ್ಮೆ ಒಲಿಯಿತು. ಆ ವರ್ಷವೇ ಶುರುವಾದ ಬ್ರೀಡರ್ಸ್ ಕಪ್ಪನ್ನು ಮಾತ್ರ ಕಾಲಿನ ಪೆಟ್ಟು ತಪ್ಪಿಸಿತು.

83 ಓಟ, 39 ಗೆಲುವು, 65 ಲಕ್ಷ ಡಾಲರಿಗೂ ಹೆಚ್ಚು ಬಹುಮಾನ. ಒಂದು ಮರಿಯನ್ನೂ ಹುಟ್ಟಿಸದೆ, ಬರೀ ಕಾಲಿನಿಂದ ದುಡಿದದ್ದು ಇಷ್ಟು. 1985ರಲ್ಲಿ ಅದು ಲೆಕ್ಸಿಂಗ್ಟನ್ನಿನ ಕೆಂಟಕಿ ಹಾರ್ಸ್ ಪಾರ್ಕ್ ಸೇರಿತು. 2007ರ ಅಕ್ಟೋಬರ್ 8ರಂದು, ಮೂವತ್ತೆರಡರ ಮುಪ್ಪಿನಲ್ಲಿ ಸತ್ತಾಗ ಅಲ್ಲೇ ಮಣ್ಣು ಮಾಡಿದರು. 1984ರ ವರ್ಷದ ಕುದುರೆ ಪ್ರಶಸ್ತಿಯೂ ಅದಕ್ಕೇ ಬಂದಿತ್ತು. ಒಂಬತ್ತು ವರ್ಷಕ್ಕೆ ಆ ಗೌರವ ಪಡೆದ ಇನ್ನೊಂದು ಕುದುರೆ ಅಮೆರಿಕದ ರೇಸಿನಲ್ಲಿಲ್ಲ.