ಆಕರಗಳ ಪರೀಕ್ಷೆ

ಇತಿಹಾಸವೆಂದರೆ ಗತಕಾಲದ ಕಥೆಯೆಂದು ಅನೇಕರು ಭಾವಿಸುವುದುಂಟು. ಆದರೆ ಕಥೆಗಾರನಿಗಿರುವ ಕಲ್ಪನಾಸ್ವಾತಂತ್ರ್ಯವು ಇತಿಹಾಸಕಾರನಿಗಿಲ್ಲ. ಅವನಾಡುವ ಪ್ರತಿಯೊಂದು ಮಾತಿಗೂ ಆಧಾರ ಬೇಕು. ಅಂತಹ ಆಧಾರಗಳಿಗೆ ಆಕರಗಳೆಂದು ಹೆಸರು. ಕಾಲೇಜಿನಲ್ಲಿ ಮೊದಲ ಬಾರಿಗೆ ಸಂಶೋಧನ ಪ್ರಬಂಧವನ್ನು ಕೈಗೊಳ್ಳುವ ವಿದ್ಯಾರ್ಥಿಯು ಆಕರಗಳನ್ನು ಅರಸುವುದನ್ನಷ್ಟೇ ಅಲ್ಲ, ಪರೀಕ್ಷಿಸುವುದನ್ನೂ ಕಲಿಯಬೇಕಾಗುತ್ತದೆ.

ಅಂತಹ ವಿದ್ಯಾರ್ಥಿಯೊಬ್ಬನು ವಿಜಯನಗರದ ಪತನವನ್ನು ವಿಷಯವಾಗಿ ಆರಿಸಿಕೊಂಡನೆನ್ನೋಣ. ಅದು ಸಾಗರದಷ್ಟು ವಿಶಾಲವಾದ ವಿಷಯ. ಅದನ್ನು ಒಂದು ಖಚಿತವಾದ ಪ್ರಶ್ನೆಗೆ ಇಳಿಸಿಕೊಳ್ಳುವುದು ಲೇಸು: 1565ರ ತಾಳಿಕೋಟೆಯ ಯುದ್ಧದ ತರುವಾಯ ರಾಜಧಾನಿಯು ಸಂಪೂರ್ಣವಾಗಿ ನಾಶವಾಯಿತೇ?

ರಾಬರ್ಟ್ ಸೀವೆಲ್ ಎಂಬ ಆಂಗ್ಲ ವಿದ್ವಾಂಸನು 1900ರಲ್ಲಿ ಪ್ರಕಟಿಸಿದ ಗ್ರಂಥವು ನಗರದ ವಿನಾಶವನ್ನು ಮನಕಲಕುವಂತೆ ವರ್ಣಿಸುತ್ತದೆ. ಆದರೆ ಅವನು ಬರೆದುದು ಯುದ್ಧ ನಡೆದ 335 ವರ್ಷಗಳ ಮೇಲೆ. ಹಿಂದಿನವರ ಬರಹಗಳೇ ಅವನಿಗೆ ಆಧಾರ. ಮುಖ್ಯ ಕಟ್ಟಡಗಳನ್ನೆಲ್ಲ ಕೆಡವಲಾಯಿತೆಂದು ಹೇಳುವ ಫೆರಿಷ್ತಾ ಕಾಲದಲ್ಲಿ ಹೆಚ್ಚು ಸಮೀಪದವನು. ಆದರೆ ಅವನೂ ಯುದ್ಧವನ್ನು ಕಂಡವನಲ್ಲ. ಮೇಲಾಗಿ ಗೆದ್ದ ಪಕ್ಷಕ್ಕೆ ಸೇರಿದ ಬಿಜಾಪುರದ ಆಸ್ಥಾನದ ಆಶ್ರಿತ. ಗೆಲುವನ್ನು ಹಿರಿದಾಗಿಸುವ ಆಸೆ ಅಲ್ಲಿ ಇದ್ದಿರಬಹುದು.

ಸೀಸರ್ ಫ್ರೆಡರಿಕ್ ಎಂಬ ವೆನಿಸಿನ ವರ್ತಕನಾದರೋ 1567ರಲ್ಲಿ ಅಲ್ಲಿಗೆ ಬಂದು ಏಳು ತಿಂಗಳು ತಂಗಿದ್ದನು. ನಗರವು ಪೂರ್ತಿಯಾಗಿ ಹಾಳಾಗಿಲ್ಲ, ಮನೆಗಳು ನಿಂತಿವೆ, ಆದರೆ ಬರಿದಾಗಿವೆ ಎಂದು ಅವನು ಬರೆದಿದ್ದಾನೆ. ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳು ವಾಸಿಸುತ್ತಿವೆಯೆಂದು ಜನರು ಹೇಳುವರೆಂದೂ ಸೇರಿಸಿದ್ದಾನೆ. ಮನೆಗಳು ಅವನು ಕಂಡವು. ಹುಲಿಗಳು ಅವನು ಕೇಳಿದವು! ಒಬ್ಬನೇ ಸಾಕ್ಷಿಯ ಒಂದೇ ಬರಹದಲ್ಲಿಯೂ ಈ ಎರಡನ್ನು ಬೇರ್ಪಡಿಸಿ ನೋಡಬೇಕು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯ ಅರ್ಥ ಇದೇ ಅಲ್ಲವೇ?

ಬರಹಗಳ ಬಳಿಕ ಕಲ್ಲುಗಳ ಸಾಕ್ಷ್ಯ. ಹಂಪೆಯಲ್ಲಿ ಅರಮನೆಗಳ ತಳಪಾಯಗಳಷ್ಟೇ ಉಳಿದಿವೆ. ವಿಠ್ಠಲನ ಗುಡಿಯಲ್ಲಿ ಪೂಜೆಯಿಲ್ಲ. ವಿರೂಪಾಕ್ಷನಿಗಾದರೋ ಇಂದಿಗೂ ಪೂಜೆ ಸಲ್ಲುತ್ತಿದೆ. ಇವೆಲ್ಲವನ್ನೂ ತೂಗಿ ನೋಡಿದಾಗ, ವಿನಾಶವು ಘೋರವಾಗಿದ್ದುದು ನಿಜ, 'ಸಂಪೂರ್ಣವಾಗಿ' ಎಂಬ ಮಾತು ಮಾತ್ರ ನಿಲ್ಲದು ಎಂದು ವಿದ್ಯಾರ್ಥಿಗೆ ಮನವರಿಕೆಯಾಗುತ್ತದೆ.

ಒಂದು ಪದಕ್ಕಾಗಿ ಇಷ್ಟೊಂದು ಶ್ರಮವೇಕೆಂದು ಕೆಲವರು ಕೇಳಬಹುದು. ಗತಿಸಿದವರು ಸೋತವರಾಗಲಿ, ಗೆದ್ದವರಾಗಲಿ, ತಮ್ಮ ಪರವಾಗಿ ವಾದಿಸಲು ಮರಳಿ ಬರಲಾರರು. ಅವರಿಗೆ ನ್ಯಾಯ ದೊರಕಿಸುವ ಹೊಣೆಯು ಬರೆಯುವವನದೇ ಆಗಿದೆ.